ಊರಲ್ಲಿಲ್ಲ ಎಂದು ಹೇಳುವ ಕೆಲಸ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಎತ್ತರದ ಕಬ್ಬಿಣದ ಗೇಟಿನ ಮುಂದೆ, ಸಮವಸ್ತ್ರದ ಮೇಲೆ ಗಂಡನ ಹಳೆಯ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಬಗ್ಗಿ ಗುಡಿಸುತ್ತಿದ್ದಾರೆ. ಪೊರಕೆಗೆ ಸಿಗುವುದು ತರಗೆಲೆಯಲ್ಲ. ನಿನ್ನೆಯ ಹೂಗುಚ್ಛಗಳು, ಕರಗಿ ನೆಲಕ್ಕಂಟಿದ ಮೇಣದಬತ್ತಿಗಳು, ‘ನೀನು ಒಂಟಿಯಲ್ಲ’ ಎಂದು ಬರೆದ ರಟ್ಟಿನ ಹೃದಯಗಳು. ಮೇಣವನ್ನು ಸವೆದ ಚಮಚದಿಂದ ಕೆರೆದು ತೆಗೆಯುತ್ತಾರೆ. ಬಾಡಿದ ಹೂವಿಗೊಂದು ಚೀಲ, ಹೃದಯಗಳಿಗೆ ಇನ್ನೊಂದು. ಹೃದಯಗಳು ಮನೆಯೊಳಗೆ ಹೋಗುತ್ತವೆ. ಮೂರನೆಯ ಚೀಲವೊಂದು ಅವರ ಕುರ್ಚಿಯ ಕೆಳಗಿದೆ.

“ಅದರಲ್ಲೇನು?” ಪತ್ರಿಕೆಗೆ ಬರೆಯಲು ಬಂದ ನನ್ನ ಪ್ರಶ್ನೆ.

“ಅದು ನಂಗೆ ಬಂದಿದ್ದು ಸರ್. ಬೈಗುಳ. ಮನೆಗೆ ತಗೊಂಡು ಹೋಗ್ತೀನಿ. ರಟ್ಟು ಚೆನ್ನಾಗಿ ಉರಿಯುತ್ತೆ, ಸ್ನಾನಕ್ಕೆ ನೀರು ಕಾಯುತ್ತೆ.”

ಈಕೆ ಕಾಯುವುದು ಹೆಸರಾಂತ ಪಾಪ್ ಗಾಯಕಿಯೊಬ್ಬಳ ಮನೆಯ ಗೇಟನ್ನು. ಅಭಿಮಾನಿಗಳ ಬಾಯಲ್ಲಿ ಗೇಟಿನ ಅಕ್ಕ. ಸೆಕ್ಯುರಿಟಿ ಏಜೆನ್ಸಿಯವರು ಕೊಟ್ಟ ಟೋಪಿ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತದೆಂದು ಒಳಗೆ ಬಟ್ಟೆ ಮಡಿಚಿ ಇಟ್ಟುಕೊಂಡಿದ್ದಾರೆ. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಕಾಜ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿತು, ಕಣ್ಣೂ ಮಂಜಾಯಿತು. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. “ಗೇಟು ಕಾಯೋಕೆ ಅಷ್ಟು ಸಾಕಲ್ಲ” ಎಂದು ನಗುತ್ತಾರೆ. ಗಂಡ ಶಾಲೆಯ ವ್ಯಾನು ಓಡಿಸುತ್ತಾರೆ. ಒಬ್ಬಳೇ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ.

ಎರಡು ತಿಂಗಳ ಹಿಂದೆ ಗಾಯಕಿಯ ಹೊಸ ಆಲ್ಬಮ್ ಬಂದಿದೆ. ಎಲ್ಲವೂ ತನ್ನದೇ ಬದುಕಿನ ಹಾಡುಗಳು, ಮುಚ್ಚುಮರೆಯಿಲ್ಲದೆ ತೋಡಿಕೊಂಡವು. ತಾಯಿ ಎರಡನೆಯ ಮದುವೆಯಾದದ್ದು, ಮಗಳು ಅದನ್ನು ಒಪ್ಪದೆ ಮಾತು ಬಿಟ್ಟದ್ದು, ಕೊನೆಗೆ ಆ ತಾಯಿ ತೀರಿಕೊಂಡದ್ದು. ಐದನೆಯ ಹಾಡು ಮಾತ್ರ ಎಲ್ಲರ ಬಾಯಲ್ಲಿ ಕುಳಿತಿದೆ. ಸಾಯುವ ಮುಂಚೆ ತಾಯಿ ಒಮ್ಮೆ ಮನೆಯ ಗೇಟಿನವರೆಗೂ ಬಂದಿದ್ದರಂತೆ, ಹಾಗೇ ವಾಪಸು ಹೋದರಂತೆ. ‘ಗೇಟಿನವಳು ನನಗೆ ತಿಳಿಸಲೇ ಇಲ್ಲ, ನನ್ನ ದನಿಯ ಕೇಳದೆ ಅಮ್ಮ ಹೊರಟಳು’ ಎಂದು ಹಾಡು ಮುಗಿಯುತ್ತದೆ.

ಅಂದಿನಿಂದ ಈ ಗೇಟಿನ ಮುಂದೆ ಬೆಳಗಾಗುವುದೇ ವಾದದಿಂದ. ಇಂದು ಬಂದಿರುವವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಇಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರು, ಹೆಲ್ಮೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡ ಬೋಳುತಲೆಯ ಗುಮಾಸ್ತ, ವಾಕಿಂಗ್ ಎಂದು ಮನೆಯಲ್ಲಿ ಹೇಳಿ ಇಲ್ಲಿ ಬಂದು ನಿಲ್ಲುವ ನಿವೃತ್ತ ಟೀಚರು.

“ಇಷ್ಟು ಧೈರ್ಯವಾಗಿ ಯಾರು ಹೇಳ್ಕೊಂಡಿದ್ದಾರೆ ಹೇಳಿ? ಅಮ್ಮನ್ನ ಕೊನೆಗಾಲದಲ್ಲಿ ನೋಡ್ಲಿಲ್ಲ ಅಂತ ಹಾಡೋಕೆ ಗುಂಡಿಗೆ ಬೇಕು” ಎನ್ನುತ್ತಾಳೆ ವಿದ್ಯಾರ್ಥಿನಿಯರಲ್ಲಿ ಉದ್ದನೆಯವಳು.

“ಗುಂಡಿಗೆನಾ? ವ್ಯಾಪಾರ ಅನ್ನಮ್ಮ. ಅಳೋದಕ್ಕೂ ಟಿಕೆಟ್ ಇಟ್ಟಿದ್ದಾಳೆ” ಎಂದು ಗುಮಾಸ್ತ ಮೂಗು ಮುರಿಯುತ್ತಾನೆ.

“ಹಾಗಾದ್ರೆ ನೀವ್ಯಾಕೆ ಅಂಕಲ್ ದಿನಾ ಇಲ್ಲಿ?”

“ಹಳೇ ಹಾಡುಗಳ ಋಣ ಕಣಮ್ಮ. ಆಗ ಅವಳು ಸುಮ್ನೆ ಕುಣಿಸ್ತಿದ್ಲು. ಈಗ ಹಾಡು ಹಾಕಿದ್ರೆ ನನ್ನ ಹೆಂಡ್ತಿ ‘ಯಾರು ಸತ್ರು’ ಅಂತ ಕೇಳ್ತಾಳೆ.”

ಟೀಚರು ಕೈಯಲ್ಲಿ ಸುರುಳಿ ಸುತ್ತಿದ್ದ ಪತ್ರಿಕೆ ಬಿಡಿಸುತ್ತಾರೆ. “ಇಲ್ನೋಡಿ, ಐದಕ್ಕೆ ಎರಡೇ ನಕ್ಷತ್ರ ಕೊಟ್ಟಿದ್ದಾನೆ ಈ ಮಹಾನುಭಾವ. ಇದು ಹಾಡಲ್ಲ, ಗೋಳು ಅಂತೆ. ಇವನೇನು ಹುಟ್ಟುವಾಗಲೇ ಅನಾಥನೋ?”

ಯಾವುದರಲ್ಲೂ ಒಬ್ಬರ ಮಾತು ಇನ್ನೊಬ್ಬರಿಗೆ ಸೇರದ ಈ ನಾಲ್ವರೂ ಒಂದು ವಿಷಯದಲ್ಲಿ ಮಾತ್ರ ಒಂದಾಗುತ್ತಾರೆ.

“ಏನೇ ಹೇಳಿ, ತಪ್ಪೆಲ್ಲ ಆ ಗೇಟಿನವಳದ್ದು. ಒಂದು ಮಾತು ಒಳಗೆ ತಿಳಿಸೋಕೆ ಏನಾಗಿತ್ತು ಅವಳಿಗೆ? ಕೈ ಸವೀತಿತ್ತಾ?”

ಎರಡು ಮಾರು ದೂರದಲ್ಲಿ ಮೇಣ ಕೆರೆಯುತ್ತಿರುವಾಕೆ ತಲೆಯೆತ್ತುತ್ತಾರೆ. “ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ. ಹಾಲಿನ ಗಾಡಿ ಬರುತ್ತೆ.”

ಗಿಡ್ಡನೆಯವಳಿಗೆ ಅನುಮಾನ. “ಅಕ್ಕಾ, ಹಾಡಲ್ಲಿರೋ ಗೇಟಿನವಳು ನೀವೇನಾ?”

“ಅವಳಾ?” ಎಂದು ಚಮಚ ಒರೆಸಿಕೊಳ್ಳುತ್ತಾರೆ. “ಊರಲ್ಲಿಲ್ಲ.”

ಈ ಮಾತು ಅವರ ನಾಲಿಗೆಗೆ ಅಭ್ಯಾಸವಾಗಿ ಹೋಗಿದೆ. ಗೇಟು ಕಾಯುವುದೆಂದರೆ ನಾಯಿ ಓಡಿಸುವುದು, ಬಾಗಿಲು ತೆಗೆಯುವುದು ಎಂದುಕೊಂಡವರಿಗೆ ಅವರು ತಮ್ಮ ಗೂಡು ತೋರಿಸುತ್ತಾರೆ. ಒಂದು ಕುರ್ಚಿ, ಒಂದು ಕೊಡೆ, ನೀರಿನ ಬಾಟಲಿ. ಕುರ್ಚಿಯ ಕಿವಿಯ ಮಟ್ಟಕ್ಕೆ ಗೋಡೆಯಲ್ಲಿ ಇಂಟರ್‌ಕಾಮಿನ ಡಬ್ಬ. ಬಟನ್ ಒತ್ತಿದರೆ ಮೇಲಿನ ಕೋಣೆಗೆ ಕೇಳುತ್ತದೆ, ಅಲ್ಲಿಂದ ಎತ್ತಿಕೊಂಡರೆ ಚಿಕ್ಕ ಕೆಂಪು ದೀಪ ಹತ್ತುತ್ತದೆ. ಕೈಯಲ್ಲಿ ಹಿಡಿಯುವ ಫೋನಲ್ಲ. ದನಿ ಗಟ್ಟಿಯಾಗಿಯೇ ಹೊರಬರುತ್ತದೆ.

“ಅವರು ಯಾವತ್ತೂ ‘ಬಿಡಬೇಡಿ’ ಅನ್ನಲ್ಲ. ‘ನಾನು ಊರಲ್ಲಿಲ್ಲ ಅಕ್ಕ’ ಅಂತಾರೆ. ಮೊದಲ್ನೇ ದಿನ ನಂಗೆ ನಗು ಬಂದ್ಬಿಟ್ಟಿತ್ತು. ಮನೇಲಿ ಕೂತ್ಕೊಂಡು ಊರಲ್ಲಿಲ್ಲ ಅಂತಾರಲ್ಲ ಇವರು ಅಂತ. ಆಮೇಲೆ ಗೊತ್ತಾಯ್ತು, ನಾನು ಹೇಳ್ಬೇಕಾದ ಸುಳ್ಳನ್ನ ಅವರೇ ಮೊದಲು ಹೇಳಿ ಕೊಡ್ತಾರೆ. ನಂಗೆ ಪಾಪ ಅರ್ಧ ಆಯ್ತು ನೋಡಿ.”

ಅದಕ್ಕೇ ಅವರದೊಂದು ಪದ್ಧತಿಯಿದೆ. ಬಂದವರನ್ನು ಮೊದಲು ರಸ್ತೆಯಾಚೆಯ ದೀಪದ ಕಂಬದ ಹತ್ತಿರ ನಿಲ್ಲಿಸುತ್ತಾರೆ, ಆಮೇಲೆ ಗೂಡಿಗೆ ಬಂದು ಬಟನ್ ಒತ್ತುತ್ತಾರೆ. ಕಂಬದವರೆಗೆ ಡಬ್ಬದ ದನಿ ಹೋಗುವುದಿಲ್ಲ. ವಾಪಸು ಹೋಗಿ ಹೇಳುವಾಗ ಕಣ್ಣು ತಗ್ಗಿಸುವುದಿಲ್ಲ. ಮಂತ್ರಿಯ ಕಡೆಯವರು, ಹೂ ತಂದ ಹುಡುಗ, ಮದುವೆಗೆ ಕರೆಯಲು ಬಂದ ಹಳೆಯ ಗೆಳತಿ, ಎಲ್ಲರಿಗೂ ಅದೇ ಕಂಬ, ಅದೇ ಉತ್ತರ. ಬೈಸಿಕೊಳ್ಳುವುದು ಗೇಟಿನವರು.

ಆದರೆ ಆ ಐದನೆಯ ಹಾಡಿನ ಮಾತೆತ್ತಿದರೆ ಮುಖ ಮುಚ್ಚಿಕೊಳ್ಳುತ್ತದೆ. “ಹಾಡಲ್ಲಿ ಇದೆಯಲ್ಲ, ಅದೇ” ಎನ್ನುತ್ತಾರೆ. ಎರಡು ಸಲ ಹೋದಾಗಲೂ ಅಷ್ಟೇ ಉತ್ತರ. ಅವರನ್ನು ನಿಜವಾಗಿ ಕಚ್ಚುತ್ತಿರುವುದು ರಸ್ತೆಯ ಬೈಗುಳವಲ್ಲ ಎಂಬುದು ಗೊತ್ತಾಗುವುದು ಅವರ ಮನೆಯಲ್ಲಿ.

ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ಬಾಗಿಲ ಹಿಂದೆ ಗಾಯಕಿಯ ದೊಡ್ಡ ಚಿತ್ರ, ಅಂಟಿಸಿದ್ದು ಮಗಳು. ಅಮ್ಮ ಆ ಗೇಟಿಗೆ ಕೆಲಸಕ್ಕೆ ಸೇರಿದ ದಿನ ಅವಳು ಅಂಗಡಿಯವರಿಗೆಲ್ಲ ಸಿಹಿ ಹಂಚಿದ್ದಳಂತೆ. ಆಲ್ಬಮ್ ಬಂದ ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಮೇಲೆ ಕೂತು, ಕಿವಿಗೆ ಸಿಕ್ಕಿಸಿಕೊಂಡು, ಒಂದೊಂದೇ ಹಾಡು ಕೇಳುತ್ತಿದ್ದವಳು ಐದನೆಯದು ಮುಗಿದಾಗ ಇಯರ್‌ಫೋನ್ ಕಿತ್ತಳು.

“‘ಅಮ್ಮಾ, ನಮ್ಮಜ್ಜಿ ಹಾಗೆ ಬಂದು ನಿಂತಿದ್ರೂ ಕಳಿಸ್ತಿದ್ದೆಯಾ?’ ಅಂದ್ಲು. ನಾನು ಹಿಟ್ಟು ಕಲೆಸ್ತಿದ್ದೆ. ಏನೂ ಅನ್ನಲಿಲ್ಲ. ಅನ್ನದೇ ಇದ್ದಿದ್ದೇ ತಪ್ಪಾಯ್ತು.”

ಅಂದಿನಿಂದ ಮಗಳು ಅಮ್ಮನೊಂದಿಗೆ ನೇರವಾಗಿ ಮಾತಾಡಿಲ್ಲ. ಮೂವರೂ ಒಂದೇ ಕೋಣೆಯಲ್ಲಿದ್ದರೂ “ಅಪ್ಪಾ, ಒಲೆ ಆರಿಸೋಕೆ ಹೇಳು” ಎನ್ನುತ್ತಾಳೆ. ವ್ಯಾನು ಓಡಿಸಿ ಸುಸ್ತಾಗಿ ಬಂದ ಗಂಡ ನಡುವೆ ಕೂತು ಟಪಾಲು ಹಂಚುತ್ತಾರೆ. “ಮೂವತ್ತು ಮಕ್ಕಳ ಗಲಾಟೆ ತಡ್ಕೊಂಡ್ ಬರ್ತೀನಿ ಸರ್, ಇವರಿಬ್ಬರ ಮೌನ ತಡ್ಕೊಳಕ್ಕಾಗಲ್ಲ” ಎಂದು ಅವರು ನಗಲು ನೋಡುತ್ತಾರೆ, ನಗು ಬರುವುದಿಲ್ಲ.

ಮಗಳಿಗೆ ನಿಜ ಹೇಳಬಾರದೇ ಎಂದರೆ ಅಮ್ಮ ತಲೆಯಾಡಿಸುತ್ತಾರೆ. “ಹೇಳಿದ್ರೆ? ನಿನ್ನ ತಪ್ಪು ಮುಚ್ಕೊಳ್ಳೋಕೆ ಅವರ ಮೇಲೆ ಹಾಕ್ತೀಯಾ ಅಂತಾಳೆ. ಅವಳಿಗೆ ನಾನು ಹೇಳೋದಕ್ಕಿಂತ ಅವರು ಹಾಡೋದು ಹೆಚ್ಚು. ಅಲ್ದೆ, ಗೇಟಲ್ಲಿ ಕೇಳಿದ್ದು ಗೇಟಲ್ಲೇ ಇರ್ಬೇಕಲ್ವಾ?”

ಕಳೆದ ವಾರ ಏಜೆನ್ಸಿಯಿಂದ ಕರೆ ಬಂದಿದೆ. ಹಾಡಿನಲ್ಲಿ ಇರುವಾಕೆಯೇ ಗೇಟಿನಲ್ಲೂ ಇದ್ದರೆ ಚೆನ್ನಾಗಿರುವುದಿಲ್ಲವಂತೆ. ಇನ್ನು ಮುಂದೆ ಅಂಗಡಿ ಸಂಕೀರ್ಣವೊಂದರ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗ ಕಾಯಬೇಕು. “ಅಲ್ಲಿ ಬೆಳಗಾಗಿದ್ದೇ ಗೊತ್ತಾಗಲ್ಲವಂತೆ. ಹೋಗ್ಲಿ ಬಿಡಿ, ಕಾರುಗಳು ಯಾರಿಗೂ ಬೇಕಾದೋರಲ್ಲ.”

ಆ ಗೇಟಿನಲ್ಲಿ ಅವರ ಕೊನೆಯ ಬೆಳಿಗ್ಗೆ. ಅಭಿಮಾನಿಗಳು ಇನ್ನೂ ಬಂದಿಲ್ಲ. ಗುಡಿಸುವುದು ಮುಗಿಸಿ, ಪೊರಕೆ ಒರಗಿಸಿ, ಕೇಳದೆಯೇ ಹೇಳತೊಡಗುತ್ತಾರೆ.

“ಅವತ್ತು ವಯಸ್ಸಾದೋರೊಬ್ರು ಬಂದ್ರು. ಕೆಂಪು ಕೈಚೀಲ, ಒಂದು ಕಾಲು ಎಳೀತಿದ್ರು. ಯಾರು ಅಂತ ಹೇಳ್ಲಿಲ್ಲ, ‘ಬೇಕಾದೋರು ಕಣಮ್ಮ’ ಅಂದ್ರು. ಆ ಚಳೀಲೂ ನಡೆದು ನಡೆದು ಬೆವತು ತೊಪ್ಪೆಯಾಗಿದ್ರು. ಅವರನ್ನ ಕಂಬದ ಹತ್ರ ನಿಲ್ಸೋಕೆ ನಂಗೆ ಮನಸ್ಸು ಬರ್ಲಿಲ್ಲ. ಇದೇ ಕುರ್ಚೀಲಿ ಕೂರಿಸ್ದೆ. ನೀರು ಕೊಟ್ಟೆ. ಕೂರಿಸಿದ ಮೇಲೆ ಎಬ್ಬಿಸೋದು ಹೇಗೆ? ಅವರ ಪಕ್ಕದಲ್ಲೇ ಬಟನ್ ಒತ್ತಿದೆ. ಹೀಗ್ಹೀಗೆ, ಕೆಂಪು ಚೀಲ, ಕಾಲು ಎಳೀತಾರೆ ಅಂದೆ. ದೀಪ ಹತ್ಕೊಂಡೇ ಇತ್ತು, ಬಹಳ ಹೊತ್ತು. ಆಮೇಲೆ ಅದೇ ಮಾತು ಬಂತು.”

ನಾನು ಊರಲ್ಲಿಲ್ಲ ಅಕ್ಕ.

“ನಾನು ಮುಖ ಎಲ್ಲಿಟ್ಕೊಳ್ಳಲಿ? ಆ ತಾಯಿ ನಿಧಾನಕ್ಕೆ ಎದ್ರು. ‘ನಾನು ಅವಳ ಅಮ್ಮ’ ಅಂದ್ರು. ನಾನು ಅಳೋಕೆ ಶುರು ಮಾಡ್ದೆ, ಅವರೇ ನನ್ನ ಭುಜ ತಟ್ಟಿದ್ರು. ‘ಬಿಡಮ್ಮ. ದನಿ ಚೆನ್ನಾಗಿದೆ. ಚಳಿಗಾಲದಲ್ಲಿ ಅವಳಿಗೆ ಗಂಟಲು ಕಟ್ಕೊಳ್ತಿತ್ತು, ಈ ಸಲ ಕಟ್ಕೊಂಡಿಲ್ಲ’ ಅಂದ್ರು. ಅಷ್ಟು ಹೇಳಿ ಹೋದ್ರು.”

ದನಿ ಕೇಳದೆ ಹೋದಳು ಎಂದು ಊರೆಲ್ಲ ಅಳುತ್ತಿರುವಾಗ, ಕೇಳಿಯೇ ಹೋದಳು ಎಂಬುದು ಗೊತ್ತಿದ್ದವರು ಇವರೊಬ್ಬರೇ. ಇಷ್ಟು ದಿನ ಗಾಯಕಿಗೂ ಹೇಳಿಲ್ಲ. ಹೇಳಿದರೆ, ಆ ಸುಳ್ಳು ನಿಮ್ಮಮ್ಮನ ಕಿವಿಗೇ ಬಿತ್ತು ಎಂದೂ ಹೇಳಿದಂತೆ. ತಮ್ಮ ಮೇಲೆ ತಪ್ಪು ಬಂದಾಗಲೂ ಅವರು ಬಾಯಿ ಬಿಡದಿದ್ದುದು ಅದಕ್ಕೆ.

“ನಿಮಗೆ ಹೇಳಿದ್ದಾಯ್ತು. ಅವರಿಗೆ ಹೇಳದೆ ನೀವು ಬರೆದ್ರೆ ಅದು ನ್ಯಾಯ ಅಲ್ಲ” ಎನ್ನುತ್ತಾ ಟೋಪಿ ಸರಿ ಮಾಡಿಕೊಂಡು ಬಟನ್ ಒತ್ತುತ್ತಾರೆ. ದೀಪ ಹತ್ತುತ್ತದೆ.

“ಮೇಡಂ, ನಾನು. ಇವತ್ತೇ ಕೊನೆ. ಒಂದು ಮಾತು ಹೇಳೋದು ಬಾಕಿ ಇತ್ತು. ಅವತ್ತು ನಿಮ್ಮಮ್ಮನ್ನ ಇಲ್ಲೇ, ಡಬ್ಬದ ಪಕ್ಕಾನೇ ಕೂರಿಸಿದ್ದೆ. ಅವರಿಗೆ ನಿಮ್ಮ ದನಿ ಕೇಳಿಸ್ತು. ದನಿ ಚೆನ್ನಾಗಿದೆ, ಗಂಟಲು ಕಟ್ಟಿಲ್ಲ ಅಂದ್ರು.”

ಹಾಲಿನ ಗಾಡಿ ಬಂದು, ಬಾಟಲಿ ಇಳಿಸಿ, ಹೊರಟೂ ಹೋಗುತ್ತದೆ. ಕೆಂಪು ದೀಪ ಆರುವುದಿಲ್ಲ. ಆಮೇಲೆ, ಲಕ್ಷಾಂತರ ಜನರಿಗೆ ಗುರುತಿರುವ ಆ ದನಿ, ಕಟ್ಟಿದ ಗಂಟಲಿನಲ್ಲಿ:

“ಇನ್ನೊಂದ್ಸಲ ಹೇಳಿ ಅಕ್ಕ.”

ಇವರು ಇನ್ನೊಮ್ಮೆ ಹೇಳುತ್ತಾರೆ, ಮೊದಲಿನಷ್ಟೇ ನಿಧಾನವಾಗಿ, ಒಂದು ಮಾತೂ ಹೆಚ್ಚು ಕಡಿಮೆಯಿಲ್ಲದೆ. ಕೊನೆಗೆ, “ಪೇಪರಿನವರು ಇಲ್ಲೇ ಇದ್ದಾರೆ ಮೇಡಂ. ಬರೀಲಾ ಅಂತಿದ್ದಾರೆ” ಎಂದು ಸೇರಿಸುತ್ತಾರೆ.

“ಬರೀಲಿ.”

ದೀಪ ಆರುತ್ತದೆ. ಯಾರೂ ಕೆಳಗಿಳಿದು ಬರುವುದಿಲ್ಲ. ಗೂಡಿನಿಂದ ಅವರು ತೆಗೆದುಕೊಳ್ಳುವುದು ಕೊಡೆ, ಬಾಟಲಿ, ಚಮಚ, ಕುರ್ಚಿಯ ಕೆಳಗಿನ ಚೀಲ. ನೆಲಮಾಳಿಗೆಯಲ್ಲಿ ಕೊಡೆ ಯಾಕೆ ಎಂದು ತಾವೇ ಕೇಳಿಕೊಂಡು, ಆದರೂ ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ಸ್ವಲ್ಪ ಯೋಚಿಸುತ್ತಾರೆ. “ನನ್ನ ಮಗಳು ಪೇಪರ್ ಓದಲ್ಲ ಸರ್. ಅವರಪ್ಪ ಓದ್ತಾರೆ. ಗಟ್ಟಿಯಾಗಿ ಓದೋ ಅಭ್ಯಾಸ ಅವರಿಗೆ, ಅಡುಗೆಮನೆವರೆಗೂ ಕೇಳ್ಸುತ್ತೆ. ಅವಳ ಅಮ್ಮ ಬಟನ್ ಒತ್ತದೆ ಒಬ್ಬರನ್ನೂ ವಾಪಸ್ ಕಳಿಸಿಲ್ಲ ಅಂತ ಒಂದು ಸಾಲು ಹಾಕಿ. ಎಲ್ಲೋ ಮಧ್ಯದಲ್ಲಿ ಬೇಡ. ಓದ್ತಾ ಓದ್ತಾ ಅವರಿಗೆ ನಿದ್ದೆ ಬರುತ್ತೆ, ಕೊನೇ ಸಾಲು ಮಾತ್ರ ಎದ್ದು ಕೂತು ಜೋರಾಗಿ ಓದ್ತಾರೆ. ಅಲ್ಲಿ ಹಾಕಿ.”

ಇವರು ಬಟನ್ ಒತ್ತದೆ ಒಬ್ಬರನ್ನೂ ವಾಪಸ್ ಕಳಿಸಿಲ್ಲ.