ಹಿಂದೆ ಚೀಲಗಳಿಲ್ಲದ ಅಂಗಳ

ಶನಿವಾರ ಬೆಳಿಗ್ಗೆ ಕುಕನೂರಿನಿಂದ ಹೊರಟೆವು, ನಾನು ಮತ್ತು ಅಣ್ಣನ ಹೆಂಡತಿ ಶೈಲಾ ವೈನಿ. ಕೊಪ್ಪಳದ ಬಸ್ಸಿನಲ್ಲಿ ನಮ್ಮಿಬ್ಬರ ಟಿಕೆಟ್ಟು ಸೊನ್ನೆ ರೂಪಾಯಿ, ಹೆಂಗಸರಿಗೆಲ್ಲ ಇರುವಂತೆ. ವೈನಿಯ ರಾಕೆಟ್ ಚೀಲವನ್ನು ಮಾತ್ರ ಕಂಡಕ್ಟರ್ ಅನುಮಾನದಿಂದ ನೋಡಿದ.

"ಏನ್ರಿ ಇದು, ತಂಬೂರಿ? ಭಜನಿಗಿ ಹೊಂಟೀರೇನು?"

"ಹೌದ್ರಿ, ಗಂಗಾವತ್ಯಾಗ ಐತಿ. ಭಾಳ ಜೋರ್ ಬಾರಸ್ತೀನಿ," ಎಂದರು ವೈನಿ. ಕಂಡಕ್ಟರ್ ನಕ್ಕು ಮುಂದೆ ಹೋದ.

ವೈನಿ ಯಲಬುರ್ಗಾ ಹತ್ತಿರದ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ರಾಜ್ಯಮಟ್ಟದ ಟೆನಿಸ್ ಪಂದ್ಯಾವಳಿಯ ಮುಖ್ಯ ಸುತ್ತು ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿತ್ತು. ಮೇಲಿನ ಶ್ರೇಯಾಂಕದವರಿಗೆ ಅಲ್ಲಿ ನೇರ ಪ್ರವೇಶ. ಪಟ್ಟಿಯ ಕೆಳಗಿರುವ ವೈನಿಯಂಥವರು ಗಂಗಾವತಿಯಲ್ಲಿ ಎರಡು ಅರ್ಹತಾ ಪಂದ್ಯ ಗೆದ್ದರೆ ಮಾತ್ರ ಒಳಗೆ. ಮದುವೆಗೆ ಮುಂಚೆ, ಮುನಿರಾಬಾದಿನ ತವರಿನಲ್ಲಿದ್ದಾಗ, ಎರಡು ಸಲ ಕೊನೆಯ ಪಂದ್ಯದಲ್ಲೇ ಸೋತಿದ್ದರು. "ಈ ಸಲ ಆಗ್ಲಿಲ್ಲಂದ್ರ ರಾಕೆಟ್ ಸಾಲಿ ಹುಡುಗ್ರಿಗಿ ಕೊಟ್ಟ ಬಿಡ್ತೀನಿ," ಎಂದು ಮನೆಯಲ್ಲಿ ಹೇಳಿದ್ದರು. ಅವರು ಸುಮ್ಮನೆ ಮಾತಾಡುವವರಲ್ಲ.

ಕುಕನೂರಿನಲ್ಲಿ ಟೆನಿಸ್ ಅಂಗಳವಿಲ್ಲ. ಮಾರುಕಟ್ಟೆಯಲ್ಲಿ ಕಾಳು ಒಣಗಿಸುವ ಸಿಮೆಂಟ್ ಕಣದಲ್ಲಿ ಸುಣ್ಣದ ಗೆರೆ ಎಳೆದು ಆಡುತ್ತಿದ್ದೆವು. ಆಚೆ ತುದಿಯಲ್ಲಿ ನಿಲ್ಲುತ್ತಿದ್ದವಳು ನಾನು. ನನಗೆ ಆಟ ಬರುವುದಿಲ್ಲ, ಚೆಂಡು ತಿರುಗಿಸಿ ಕಳಿಸಲು ಬರುತ್ತದೆ. ಎರಡೂ ತುದಿಗೆ, ಗೆರೆಗೆ ಅಂಟಿಕೊಂಡೇ, ಒಂದರ ಮೇಲೊಂದು ಒಟ್ಟಿದ ಕಡಲೆ ಚೀಲಗಳ ಥಪ್ಪಿ ಆಳೆತ್ತರಕ್ಕೆ ನಿಂತಿರುತ್ತಿತ್ತು. ತಲೆಯ ಮೇಲೆ ಹೋದ ಚೆಂಡನ್ನು ಬಿಟ್ಟುಬಿಡುವುದು ಅಲ್ಲಿನ ರೂಢಿ. ಹಮಾಲರು ಅದನ್ನು ಚೀಲದ ಮೇಲಿಂದ ಇಳಿಸಿ ಕೊಡುತ್ತಿದ್ದರು.

ಕೊಪ್ಪಳದಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಬಸ್ ಬದಲಿಸಿದೆವು. ವೈನಿ ಮಿರ್ಚಿ ಮುಟ್ಟಲಿಲ್ಲ. ಗಂಗಾವತಿ ಹತ್ತಿರವಾದಂತೆ ಕಿಟಕಿಯಿಂದ ಬರುವ ಗಾಳಿಯೇ ಬೇರೆಯಾಯಿತು. ನಮ್ಮ ಕಡೆ ಕಡಲೆ ಕಿತ್ತು ಹೊಲ ಬೋಳಾಗಿತ್ತು. ಇಲ್ಲಿ ಕಾಲುವೆಯ ನೀರು, ಬೇಸಿಗೆ ಭತ್ತದ ಹಸಿರು.

ಮಧ್ಯಾಹ್ನದ ಮೊದಲ ಪಂದ್ಯ ಕುಷ್ಟಗಿಯ ನರ್ಸ್ ಒಬ್ಬರ ಜೊತೆ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು. ಅವರ ಬಿರುಸಾದ ಹೊಡೆತಗಳನ್ನು ವೈನಿ ಚೆಂಡು ಪುಟಿದೇಳುತ್ತಿದ್ದಂತೆಯೇ ತಡೆದು ಹೊಡೆದರು. ಹಿಂದೆ ಜಾಗವಿಲ್ಲದ ಕಣದಲ್ಲಿ ಕಲಿತ ಹೊಡೆತ ಅದು. ಗೆದ್ದ ಮೇಲೆ ನರ್ಸ್ ಕೈಕುಲುಕಿ, "ನಾಳಿ ನಂದೂ ಸೇರಿಸಿ ಆಡ್ರಿ. ನಾ ಇದ್ದ ನೋಡಿ ಹೋಗ್ತೀನಿ," ಎಂದರು.

ರಾತ್ರಿ ಗಂಗಾವತಿ ಹತ್ತಿರದ ಶ್ರೀರಾಮನಗರದ ಪರಿಚಿತರ ಮನೆಯಲ್ಲಿ ಉಳಿದೆವು. ಮನೆಯಾಕೆ ತೆಲುಗು ಬೆರೆಸಿ ಮಾತಾಡುತ್ತ ಬಿಸಿ ಅನ್ನ, ಪುಂಡಿ ಸೊಪ್ಪಿನ ಪಪ್ಪು ಬಡಿಸಿದರು. "ಅಮ್ಮಾ, ಪಂದ್ಯ ಆಡೋರು ಇಷ್ಟೇನಾ ತಿನ್ನೋದು? ಇನ್ನೊಂಚೂರು ಹಾಕ್ಕೋ ತಲ್ಲೀ," ಎಂದು ಒತ್ತಾಯಿಸಿದರೂ ವೈನಿ ಅರ್ಧ ಊಟಕ್ಕೆ ಎದ್ದರು.

ಭಾನುವಾರದ ಎದುರಾಳಿ ಮೈಸೂರಿನ ಕಾಲೇಜು ಹುಡುಗಿ. ಮೊದಲು ವೈನಿ ಮುಂದಿದ್ದರು. ಆಮೇಲೆ ಆ ಹುಡುಗಿ ಒಂದು ಚೆಂಡನ್ನು ಎತ್ತರಕ್ಕೆ ಎತ್ತಿ ವೈನಿಯ ಹಿಂದೆ ಬೀಳಿಸಿದಳು. ವೈನಿ ತಲೆಯೆತ್ತಿ ನೋಡಿದರು, ಕದಲಲಿಲ್ಲ. ಚೆಂಡು ಗೆರೆಯ ಒಳಗೇ ಬಿತ್ತು. ಹುಡುಗಿ ಜಾಣೆ, ಮತ್ತೊಂದು ಎತ್ತಿದಳು. ವೈನಿ ಮತ್ತೆ ನಿಂತಲ್ಲೇ ನಿಂತರು. ಆಮೇಲೆ ಅವಳು ಬೇರೇನೂ ಆಡಲಿಲ್ಲ. ಮೊದಲ ಸೆಟ್ ಹೋಯಿತು.

"ಇವ್ರ ಓಡವಲ್ರಲ್ಲ! ಕಾಲಿಗೇನರ ಆಗೇತೇನು?" ನರ್ಸ್ ನನ್ನನ್ನು ಕೇಳಿದರು.

ಕಾಲಿಗೆ ಏನೂ ಆಗಿರಲಿಲ್ಲ. ಸೆಟ್ಟುಗಳ ನಡುವೆ ಬೇಲಿಯ ಬಳಿ ಮಾತಾಡಲು ಅವಕಾಶವಿತ್ತು. ವೈನಿ ಮುಖ ಒರೆಸಿಕೊಳ್ಳುತ್ತ ಬಂದರು.

"ಮುಗೀತು ಸುಧಾ. ಅಕಿ ಎತ್ತಾಕತ್ತಾಳ, ನನಗ ಸಿಗವಲ್ವು."

"ವೈನಿ, ಹಿಂದ ಚೀಲ ಇಲ್ರಿ."

ಅವರು ನನ್ನನ್ನು ದಿಟ್ಟಿಸಿದರು. ನಂತರ ತಿರುಗಿ ಅಂಗಳದ ಗೆರೆಯಾಚೆ ನೋಡಿದರು. ತಂತಿಬೇಲಿಯವರೆಗೆ ಖಾಲಿ ನೆಲ, ಒಂದು ಎತ್ತಿನ ಬಂಡಿ ತಿರುಗಿಸುವಷ್ಟು. ಅವರಿಗೆ ನಗು ಬಂತು.

"ಅಯ್ಯ ನನ್ನ ಕರ್ಮವ," ಎಂದು ಹೊರಟರು.

ಮುಂದಿನ ಎತ್ತರದ ಚೆಂಡಿಗೆ ವೈನಿ ಬೆನ್ನು ತಿರುಗಿಸಿ ಓಡಿದರು. ಬೇಲಿಯ ಹತ್ತಿರದಿಂದ ತಿರುಗಿ ಹೊಡೆದದ್ದು ಜಾಲರಿಗೆ ಬಿತ್ತು. ಎರಡನೆಯದೂ ಅಷ್ಟೇ. ಮೂರನೆಯದು ಹುಡುಗಿಯ ಕಾಲ ಬುಡದಲ್ಲಿ ಇಳಿಯಿತು. ಅಲ್ಲಿಂದಾಚೆ ಅವಳು ಎತ್ತಿದಷ್ಟೂ ಇವರು ಓಡಿದರು. ಎತ್ತದೆ ನೇರವಾಗಿ ಆಡಿದಾಗ ಮುಂದೆ ಬಂದು ಕಣದ ಹೊಡೆತ ಹೊಡೆದರು. ಎರಡನೆಯ ಸೆಟ್ ನಮ್ಮದಾಯಿತು. ಮೂರನೆಯದು ಬಿಸಿಲೇರುವವರೆಗೂ ಎಳೆಯಿತು. ವೈನಿ ಹೊಡೆದ ಕೊನೆಯ ಚೆಂಡು ಗೆರೆಯ ಮೇಲೆ ಬಿದ್ದಾಗ ನರ್ಸ್ ನನ್ನ ಭುಜಕ್ಕೆ ಗುದ್ದಿದ್ದು ಇನ್ನೂ ನೆನಪಿದೆ. ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಯಾವಾಗ ಎದ್ದೆನೋ ತಿಳಿಯದು.

ಮರಳುವಾಗ ವೈನಿ ಕೊಪ್ಪಳದಲ್ಲಿ ಬಿಸಿ ಮಿರ್ಚಿಯನ್ನು ಒಂದಾದ ಮೇಲೊಂದು ತಿಂದರು, ನನ್ನ ಪಾಲಿನದನ್ನೂ ಬಿಡದೆ.

ಸೋಮವಾರ ಸಂಜೆ ಕಣಕ್ಕೆ ಹೋದೆವು. ಹಿರಿಯ ಹಮಾಲ ಯಮನೂರಪ್ಪ ಚೀಲದ ಮೇಲೆ ಕೂತಿದ್ದ.

"ಏನಾತ್ರಿ ಅಕ್ಕಾರ?"

"ಹುಬ್ಬಳ್ಳಿಗಿ ಹೊಂಟೀನಿ, ಯಮನೂರಪ್ಪ." ಗಂಗಾವತಿಯಲ್ಲಿ ಆದದ್ದನ್ನೆಲ್ಲ ಹೇಳಿದರು.

ಅವನು ತೊಡೆ ತಟ್ಟಿ ನಕ್ಕ. "ನಮ್ಮ ಥಪ್ಪಿ ನಿಮ್ಮ ಜೋಡಿ ಗಂಗಾವತಿಗೂ ಬಂದಿತ್ತನ್ರಿ! ಮಾಲಕರಿಗಿ ಹೇಳಿ ಎರಡೂ ಸರಸ್ತೀವಿ ತಗೋರಿ."

"ಒಂದ ಸರಸ್ರಿ. ಇನ್ನೊಂದ ಇರ್ಲಿ, ಮುಂದ ಬಂದ ಹೊಡಿಯೂದು ಕಲಿಸಿದ್ದು ಅದ."

ಎರಡು ದಿನದಲ್ಲಿ ಒಂದು ತುದಿ ತೆರವಾಯಿತು. ವೈನಿ ಅಲ್ಲಿ ನಿಂತು ರಾಕೆಟ್ ಎತ್ತಿ, "ಎತ್ತಿ ಹೊಡಿ ಸುಧಾ," ಎಂದರು. ನನ್ನ ಬೆನ್ನಿಗೆ ಚೀಲ ಒತ್ತುತ್ತಿತ್ತು. ಕೈಲಾದಷ್ಟು ಎತ್ತರಕ್ಕೆ ಹೊಡೆದೆ. ಚೆಂಡು ಇಳಿಯುವ ಮುಂಚೆಯೇ ವೈನಿ ಅದರ ಕೆಳಗಿದ್ದರು.