ಪಾವಣೆ ಮೂರು ಮೀಟರ್ ಗಣಿತ

ಸಮಸ್ತ ನಾಗರಿಕರ ಅವಗಾಹನೆಗೆ ಸವಿನಯವಾಗಿ ತರಬಯಸುವುದೇನೆಂದರೆ, ನನ್ನ ಬಳಿ ಎಂಟು ಮೀಟರ್ ಗಿಳಿಹಸಿರು ಸ್ಯಾಟಿನ್ ಬಟ್ಟೆ ಹೆಚ್ಚುವರಿಯಾಗಿ ಉಳಿದಿದೆ.

ಒಬ್ಬ ಗಣಿತ ಶಿಕ್ಷಕಿ ತನ್ನ ಪದವಿ ಮತ್ತು ಮೊಬೈಲ್ ಕ್ಯಾಲ್ಕ್ಯುಲೇಟರ್ ಎರಡನ್ನೂ ಬಳಸಿ ಲೆಕ್ಕ ಮಾಡಿದ್ದರ ಫಲ ಇದು. ಆ ಶಿಕ್ಷಕಿ ನಾನೇ.

ನಾನು ತುಮಕೂರು ಕಡೆಯವಳು. ಸವಣೂರಿಗೆ ಬಂದು ಎರಡು ವರ್ಷವಾಯಿತು. ಹಾನಗಲ್ಲಿನಲ್ಲಿ ನವೀನ ಗಣಿತ ಬೋಧನೆಯ ತರಬೇತಿ ಮುಗಿಸಿ ಬಂದ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಭಿನ್ನರಾಶಿ ಕಲಿಸಲು ಥರ್ಮಕೋಲ್‌ನಲ್ಲಿ ಪಿಜ್ಜಾ ಮಾಡಿದೆ. ಚೀಸ್ ಕಾಣಲೆಂದು ಹಳದಿ ಬಣ್ಣವನ್ನೂ ಬಳಿದೆ.

ಪ್ರಯೋಗಕ್ಕೆ ಸಿಕ್ಕವರು ನಮ್ಮ ಓಣಿಯ ಟೇಲರ್ ರಜಿಯಾಬಿ.

ರಜಿಯಾಬಿ ಹತ್ತನೇ ತರಗತಿಯ ಗಣಿತದಲ್ಲಿ ಮೂರು ಸಲ ನಪಾಸು. ಈಗ ಶಿಗ್ಗಾವಿಯ ಒಂದು ಹೊಲಿಗೆ ತರಬೇತಿ ಕೇಂದ್ರದವರು ಅವರ ಕೈಕೆಲಸ ನೋಡಿ, ಕಲಿಸಲು ಬನ್ನಿ ಎಂದಿದ್ದಾರೆ. ಆದರೆ ಹತ್ತನೇ ಪಾಸಾದ ಕಾಗದ ಬೇಕಂತೆ. ಈ ಸಲದ ಪರೀಕ್ಷೆಯವರೆಗೆ ಕಾಯುತ್ತಾರೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ನಾನು ಪಿಜ್ಜಾ ಹಿಡಿದುಕೊಂಡು ಅವರ ಅಂಗಡಿಗೆ ಹೋದೆ.

"ಇದೇನ್ರಿ ಅಕ್ಕೋರ, ರೊಟ್ಟಿ ಮ್ಯಾಲೆ ಅರಿಷಿಣ ಚೆಲ್ಲೇತಲ್ಲ?"

ಪಿಜ್ಜಾ ಎಂದೆ. ಇದರಲ್ಲಿ ನಾಲ್ಕನೇ ಮೂರು ಭಾಗ ತೆಗೆಯಿರಿ ಎಂದೆ.

"ತಗದು ಏನ್ ಮಾಡ್ಲಿ? ತಿನ್ನಾಕೂ ಬರೂದಿಲ್ಲ, ಹೊಲ್ಯಾಕೂ ಬರೂದಿಲ್ಲ!"

ಆ ದಿನ ನನ್ನ ಡೈರಿಯಲ್ಲಿ ಗಂಭೀರವಾಗಿ ಬರೆದುಕೊಂಡೆ: ಕಲಿಕಾರ್ಥಿಗೆ ಭಿನ್ನರಾಶಿಯ ಮೂಲ ಕಲ್ಪನೆಯೇ ಇಲ್ಲ.

ಅಷ್ಟರಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗ್ ಬಂತು. ಎಂಟು ಹುಡುಗಿಯರ ಡಾನ್ಸಿಗೆ ಲಂಗ ಹೊಲಿಸಬೇಕು. ಬಟ್ಟೆ ತರುವ ಜವಾಬ್ದಾರಿ ನನ್ನದು, ಹೊಲಿಯುವುದು ರಜಿಯಾಬಿ.

"ಒಂದ್ ಲಂಗಕ್ಕ ಪಾವಣೆ ಮೂರು ಮೀಟರ್ ಹಿಡೀರಿ. ಎಂಟಕ್ಕ ಇಪ್ಪತ್ತೆರಡು ತರ್ರಿ," ಎಂದರು. ತಲೆ ಎತ್ತಲಿಲ್ಲ, ಮಷೀನ್ ಸಹ ನಿಲ್ಲಿಸಲಿಲ್ಲ.

ಈ 'ಪಾವಣೆ' ನನಗೆ ಹೊಸದು. ಸ್ಟಾಫ್ ರೂಮಿನಲ್ಲಿ ಡ್ರಿಲ್ ಸರ್ ಅವರನ್ನು ಕೇಳಿದೆ. "ಪಾವಣೆ ಅಂದ್ರ ಮುಕ್ಕಾಲ್ರಿ ಮೇಡಂ," ಎಂದರು.

ಸರಿ, ಮೂರು ಮುಕ್ಕಾಲು. ಎಂಟರಿಂದ ಗುಣಿಸಿದೆ. ಮೂವತ್ತು.

ಅಯ್ಯೋ ಪಾಪ ಅನ್ನಿಸಿತು. ಗಣಿತ ಬಾರದಿದ್ದರೆ ಬದುಕಿನಲ್ಲಿ ಎಂಥ ಪೆಟ್ಟು ಬೀಳುತ್ತದೆ ನೋಡಿ... ಎಂಟು ಮೀಟರ್ ವ್ಯತ್ಯಾಸ! ತಪ್ಪನ್ನು ಎತ್ತಿ ಆಡದೆ ದೊಡ್ಡ ಮನಸ್ಸಿನಿಂದ ಮೂವತ್ತು ಮೀಟರ್ ಹರಿಸಿಕೊಂಡು ಬಂದೆ.

ರಜಿಯಾಬಿ ಗಂಟನ್ನು ಕಣ್ಣಿನಲ್ಲೇ ಅಳೆದರು.

"ಹುಡುಗ್ಯಾರು ಹೆಚ್ಚಾದ್ರೇನ್ರಿ ಅಕ್ಕೋರ? ಇದು ಹತ್ತ ಮಂದಿಗೆ ಆಗಿ ಮ್ಯಾಲೆ ಅಡೀಚ ಮೀಟರ್ ಉಳಿತೈತಿ."

ಅಡೀಚ ಅಂದರೆ ಎರಡೂವರೆ ಎಂದು ಕೇಳಿ ತಿಳಿದುಕೊಂಡೆ. ಕ್ಯಾಲ್ಕ್ಯುಲೇಟರ್ ತೆಗೆಯಲು ಧೈರ್ಯ ಬರಲಿಲ್ಲ.

ಅವರು ಸ್ಯಾಟಿನ್ ಬಿಚ್ಚಿ ಮೇಜಿನ ಮೇಲೆ ಮೂರು ಮೀಟರ್ ಅಳೆದರು. ತುದಿಯಿಂದ ಕಾಲು ಮೀಟರ್ ಹಿಂದಕ್ಕೆ ಮಡಚಿದರು.

"ಮೂರಾಗಾಕ ಪಾವು ಕಡಿಮಿ. ಇದಕ್ಕ ಪಾವಣೆ ಮೂರು ಅಂತಾರ. ನಿಮ್ಮ ಕಡೆ ಗಡಿಯಾರ ಇಲ್ಲೇನ್ರಿ? ಪಾವಣೆ ಹತ್ತಕ್ಕ ಬಾ ಅಂದ್ರ ಹತ್ತೂ ಮುಕ್ಕಾಲಿಗೆ ಬರ್ತೀರೇನ್?"

ಕಳೆದ ವರ್ಷ ಇಬ್ಬರು ಪೋಷಕರು ನನ್ನ ಮೇಲೆ ಯಾಕೆ ಮುನಿಸಿಕೊಂಡಿದ್ದರು ಎಂಬುದು ಆ ಕ್ಷಣದಲ್ಲಿ ಹೊಳೆಯಿತು.

ಮರುದಿನ ನೋಟ್‌ಬುಕ್ಕಿನಲ್ಲಿ ಎರಡೂ ಮುಕ್ಕಾಲನ್ನು ಎಂಟರಿಂದ ಗುಣಿಸುವ ಲೆಕ್ಕ ಬರೆದುಕೊಟ್ಟೆ. ಪುಸ್ತಕದಲ್ಲಿರುವ ಹಾಗೆ, ಮೇಲೊಂದು ಅಂಕಿ, ಕೆಳಗೊಂದು ಅಂಕಿ, ನಡುವೆ ಗೆರೆ.

ರಜಿಯಾಬಿ ಪೆನ್ನು ಕೆಳಗಿಟ್ಟರು. "ಹಿಂಗ ಬರದ್ರ ನನಗ ಕೈಕಾಲು ತಣ್ಣಗಾಗ್ತಾವ್ರಿ."

ಅದನ್ನು ಹೊಡೆದುಹಾಕಿದೆ. ಮೂರರಲ್ಲಿ ಕಾಲು ಕಳೆದಂತೆ ಬರೆದು, ಸುತ್ತ ಕಂಸ ಹಾಕಿ, ಹೊರಗೆ ಎಂಟು ಇಟ್ಟೆ.

ಕಂಸದ ಒಳಗೆ ಬೆರಳಿಟ್ಟರು.

"ಇದು ನಮ್ಮ ಪಾವಣೆ ಮೂರು ಅಲ್ಲೇನ್ರಿ?"

ಹೌದು ಎಂದೆ.

"ಎಂಟ್ ಮೂರ್ಲೆ ಇಪ್ಪತ್ನಾಕು. ಎಂಟು ಪಾವು ಎರಡು. ಅದು ಹೋದ್ರ ಇಪ್ಪತ್ತೆರಡು." ನನ್ನ ಮುಖ ನೋಡಿದರು. "ಇಷ್ಟಕ್ಕ ನನ್ನ ಮೂರ್ ಸಲ ಕೆಡವಿದ್ರೇನ್ರಿ?"

ಇಡೀ ಗಣಿತ ಶಿಕ್ಷಕ ಕುಲದ ಪರವಾಗಿ ನಾನು ನೆಲ ನೋಡಿದೆ.

ಅಲ್ಲಿಂದ ನಮ್ಮ ಪಾಠ ಹೊಲಿಗೆ ಮಷೀನಿನ ಪಕ್ಕದಲ್ಲೇ ನಡೆಯುತ್ತಿದೆ. ಬೀಜಗಣಿತಕ್ಕೆ ಬಂದಾಗ, ಈ ಎಕ್ಸ್ ಅಂದರೆ ಯಾರು ಎಂದು ಕೇಳಿದರು. ಬೆಲೆ ಗೊತ್ತಿಲ್ಲದ್ದು, ನಾವೇ ಕಂಡುಹಿಡಿಯಬೇಕು ಎಂದೆ.

"ಗೊತ್ತಾತು ಬಿಡ್ರಿ. ಅಳತಿ ಕೊಡಲಾರದ ಹೋದ ಗಿರಾಕಿ! ಅಂದಾಜಿನ ಮ್ಯಾಲೆ ಹೊಲದ್ರ ಆಮ್ಯಾಲೆ ಬೈತಾಳ."

ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಹಾನಗಲ್ಲಿನ ತರಬೇತಿಯಲ್ಲೂ ಸಿಕ್ಕಿರಲಿಲ್ಲ.

ಮೊನ್ನೆ ಒಂದು ಮಾದರಿ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದೆ. ಪಾಸಾಗಲು ಸ್ವಲ್ಪವೇ ಸ್ವಲ್ಪ ಕಡಿಮೆ ಬಿತ್ತು. ನಾನು ಮುಖ ಸಣ್ಣದು ಮಾಡಿಕೊಂಡೆ. ಅವರೇ ನನಗೆ ಸಮಾಧಾನ ಹೇಳಿದರು. "ಪಾವಣೆ ಪಾಸ್ ಅನ್ರಿ ಅಕ್ಕೋರ. ಉಳದಿದ್ದು ಪಾವು ಅಷ್ಟ."

ಆ ಪಾವು ಇರುವುದು ಜ್ಯಾಮಿತಿಯಲ್ಲಿ. ಪರೀಕ್ಷೆಗೆ ಇನ್ನು ಇಪ್ಪತ್ತೇ ದಿನ.

ಆದರೆ ನಾನು ಪ್ರಮೇಯ ಶುರು ಮಾಡಿ ತ್ರಿಕೋನದ ಎರಡು ಗೆರೆ ಎಳೆಯುವಷ್ಟರಲ್ಲಿ ಯಾರೋ ಒಬ್ಬರು ಬ್ಲೌಸ್ ಪೀಸ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. "ನಾಳಿಗೇ ಬೇಕು ನೋಡ್ರಿ ರಜಿಯಾಬಿ." ರಜಿಯಾಬಿಗೆ ಭಿನ್ನರಾಶಿ ಬಂತು, ಎಕ್ಸ್ ಬಂತು, 'ಇಲ್ಲ' ಎನ್ನಲು ಮಾತ್ರ ಇನ್ನೂ ಬಂದಿಲ್ಲ. ಮೂರನೇ ಗೆರೆ ಹಾಗೇ ಉಳಿಯುತ್ತದೆ...

ಸವಣೂರಿನ ಅಕ್ಕ-ತಂಗಿಯರೇ, ಇನ್ನು ಇಪ್ಪತ್ತು ದಿನ ಹಳೆಯ ಬ್ಲೌಸಿನಲ್ಲೇ ಸುಧಾರಿಸಿಕೊಳ್ಳುತ್ತೀರಾ?