ಬ್ರೇಕ್ ಪೈಪಿಗೆ ಕಟ್ಟಿದ ದಾರ

ಮೆಣಸಿನಕಾಯಿ ಚೀಲ ಹೇರಿಕೊಂಡು ಸುರಪುರದ ಇಳಿಜಾರಿಗೆ ಬಂದರೆ, ನನ್ನ ಗಾಡಿ ಎರಡು ಸಲ ಬ್ರೇಕ್ ಒತ್ತಿದ ಮೇಲೇ ನಿಲ್ಲುತ್ತಿತ್ತು. ಶಹಾಪುರದ ಗ್ಯಾರೇಜ್ ಮೇಸ್ತ್ರಿ ರಜಾಕ್ ನೋಡಿದ. "ರಬ್ಬರ್ ಪೈಪ್ ಉಬ್ಬಾಕತ್ತೈತ್ರಿ ಚಾಚಾ. ಸ್ಟೀಲ್ ತಂತಿ ಹೆಣೆದದ್ದು ಹಾಕೂಣು," ಅಂದ.

ಹಳೇ ಪೈಪ್ ಬಿಚ್ಚಿ ನನ್ನ ಮುಂದೆ ಹಿಡಿದ. "ಇದೇನ್ರಿ, ಪೈಪಿಗಿ ಪಟ್ಟಿ ಕಟ್ಟೀರಿ?"

ಎಣ್ಣೆ ಹಿಡಿದು ಕರ್ರಗಾದ ದಾರ. ನನ್ನ ಹೆಂಡತಿ ಕಟ್ಟಿದ್ದು. ದಸರಾಕ್ಕೆ ಎಲ್ಲಾರೂ ಸ್ಟೇರಿಂಗಿಗೆ ದಾರ ಕಟ್ಟಿದರೆ, ಅಕಿ ಸೆರಗು ಸಿಕ್ಕಿಸಿ ಗಾಡಿ ಕೆಳಗೆ ತೂರಿ ಇಲ್ಲಿ ಕಟ್ಟುತ್ತಿದ್ದಳು. "ಸ್ಟೇರಿಂಗ್ ನೀವು ಹಿಡಕೊಂಡಿರ್ತೀರಿ. ಇದನ್ನ ಯಾರು ಹಿಡೀಬೇಕು?" ಅನ್ನುತ್ತಿದ್ದಳು. ಅಕಿ ಹೋಗಿ ವರ್ಷವಾಯಿತು.

ರಜಾಕ್ ದಾರ ಸರಿಸಿದ. ಅದರ ಕೆಳಗೆ ರಬ್ಬರ್ ಬಿರಿದಿತ್ತು. "ನೋಡ್ರಿ, ಬಿರುಕು ಕಾಣದಂಗ ಮುಚ್ಚಿಬಿಟ್ಟೈತಿ."

"ಮುಚ್ಚಿಲ್ಲೋ. ಹಿಡದೈತಿ," ಅಂದೆ.

ಅವನು ಹೊಸ ಪೈಪ್ ಕೂಡಿಸಿ, ಅದರೊಳಗಿನ ಗಾಳಿ ತೆಗೆದು, ಗಾಡಿ ಜಾಕಿನಿಂದ ಇಳಿಸಿದ. ಒಂದೇ ಒತ್ತಿಗೆ ಬ್ರೇಕ್ ಹಿಡಿಯಿತು. ನಾನು ಮಾತ್ರ ಹಳೇ ದಾರ ಕೈಯಲ್ಲಿ ಹಿಡಿದು ನಿಂತೇ ಇದ್ದೆ.

"ಹೊಸಾದಕ್ಕೂ ಕಟ್ಟಲೇನೋ?"

"ಪೈಪಿಗಿ ಬ್ಯಾಡ್ರಿ, ಮತ್ತ ಮುಚ್ಚತೈತಿ. ಬಾಜೂ ಚಾಸಿ ಕಬ್ಬಿಣಕ್ಕ ಕಟ್ರಿ. ಚಾಚಿ ಮಾಡೋ ಕೆಲಸ, ನಾ ಮುಟ್ಟಾಂಗಿಲ್ಲ. ನೀವ ಹೋಗ್ರಿ."

ತೂರಿದೆ. ಕಟ್ಟಿದೆ. ಹೊರಗೆ ಬರಲು ಹೋದರೆ ಹೊಟ್ಟೆ ಸಿಕ್ಕಿಕೊಂಡಿತು. ರಜಾಕ್ ನಗುತ್ತಾ ನನ್ನ ಕಾಲು ಹಿಡಿದು ಎಳೆದ.

ಅಕಿ ನನಗಿಂತ ದಪ್ಪ ಇದ್ದಳು. ಹೆಂಗ ತೂರುತ್ತಿದ್ದಳೋ, ಒಂದು ದಸರಾಕ್ಕೂ ಬಗ್ಗಿ ನೋಡಲಿಲ್ಲ ನಾನು.